ಆರು ಸೂತಿನ ತೂತು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಮನುಷ್ಯ ನಾನು. ಇದನ್ನು ಬಾಯಿಬಿಟ್ಟು ಹೇಳುವ ಅಗತ್ಯ ನನಗೆ ಬೀಳುವುದು ಕಡಿಮೆ. ಡೊಂಬಿವಲಿ ಪೂರ್ವದ ನಮ್ಮ ಫ್ಲ್ಯಾಟಿನ ಬಾಗಿಲಿಗೆ ಹೊಡೆದಿರುವ ಹಿತ್ತಾಳೆಯ ಬೋರ್ಡು ಆ ಕೆಲಸ ಮಾಡಿಕೊಂಡು ಬಂದಿದೆ. ಅದರಲ್ಲಿ ನನ್ನ ಹೆಸರು ಸಣ್ಣದು, ಬಿ.ಇ. (ಮೆಕ್ಯಾನಿಕಲ್) ಎಂಬುದು ದೊಡ್ಡದು. ಸೊಸೈಟಿಯ ನೀರಿನ ಪಂಪು ಕೆಟ್ಟರೆ ಮೊದಲು ನನ್ನನ್ನೇ ಕರೆಯುತ್ತಾರೆ. ನಾನು ಹೋಗಿ, ಪಂಪಿಗೆ ಒಂದು ಸುತ್ತು ಬಂದು, ಬಗ್ಗಿ ಕಿವಿಗೊಟ್ಟು, ಮೆಕ್ಯಾನಿಕನನ್ನು ಕರೆಸಿ ಎಂದು ಸಲಹೆ ಕೊಟ್ಟು ಮೇಲೆ ಬರುತ್ತೇನೆ. ಆ ಸಲಹೆ ಈ ತನಕ ಒಮ್ಮೆಯೂ ತಪ್ಪಾಗಿಲ್ಲ.

ನನ್ನ ನೌಕರಿ ನವಿ ಮುಂಬಯಿಯ ಒಂದು ಕಂಪನಿಯಲ್ಲಿ. ಅಲ್ಲಿ ಮಾಡುವುದೂ ಪಂಪುಗಳನ್ನೇ. ಆದರೆ ನಾನು ಮಾಡುವುದಿಲ್ಲ. ನಾನಿರುವುದು ಡ್ರಾಯಿಂಗುಗಳನ್ನು ತಪಾಸಣೆ ಮಾಡಿ ಸಹಿ ಹಾಕುವ ವಿಭಾಗದಲ್ಲಿ. ಹದಿನೇಳು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಬೋಲ್ಟುಗಳಿಗೆ ಒಪ್ಪಿಗೆ ಕೊಟ್ಟಿದ್ದೇನೆ, ಒಂದನ್ನೂ ಬಿಗಿದಿಲ್ಲ. ಆದರೂ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ಮಾಡಿದ ವಸ್ತುವಿನ ಜೊತೆ ತಾಳೆ ನೋಡದೆ ಅಂತಿಮ ಡ್ರಾಯಿಂಗು ಎಂಬುದು ನನ್ನ ಮೇಜಿನಿಂದ ಎಂದೂ ಹೊರಗೆ ಹೋಗಿಲ್ಲ. ಈ ಒಂದು ಒಳ್ಳೆಯ ಚಾಳಿಯೇ ಮುಂದೆ ನನ್ನ ಮರ್ಯಾದೆ ತೆಗೆಯಿತು.

ಬೋಲ್ಟು ಬಿಗಿಯುವವನು ನಮ್ಮಣ್ಣ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಬಿಜಾಪುರದ ಕಡೆಯ ನಮ್ಮ ಹಳ್ಳಿಯಿಂದ ಸೋದರಮಾವನ ಹಿಂದೆ ಉಲ್ಹಾಸನಗರಕ್ಕೆ ಬಂದು ವೆಲ್ಡಿಂಗ್ ಕಲಿತ. ನಾನು ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷ ಅವನು ಕಲ್ಯಾಣ, ಠಾಕುರ್ಲಿಯ ಮನೆಗಳಿಗೆಲ್ಲ ಕಿಟಕಿ ಗ್ರಿಲ್ ಹೊಡೆಯುತ್ತಿದ್ದ. ನಾನು ಪಾಸಾದ ದಿನದಿಂದ ಅವನು ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಮನೆಯಲ್ಲಿ 'ತಮ್ಮಾ'. ಜನರೆದುರು 'ಸಾಹೇಬ್ರು'. ಸಿಟ್ಟು ಬಂದರೆ ಮನೆಯಲ್ಲೂ 'ಸಾಹೇಬ್ರು'. ಯಾವ ಸಾಹೇಬ್ರು ಎಂದು ತಿಳಿಯಲು ಅವನ ಹುಬ್ಬು ನೋಡಬೇಕು.

ಈ ಕತೆ ನಡೆದ ವರ್ಷ ಉಲ್ಹಾಸನಗರದ ಅವನ ವೆಲ್ಡಿಂಗ್ ಶೆಡ್ಡು ಮುಚ್ಚುವ ಹಂತಕ್ಕೆ ಬಂದಿತ್ತು. ಹೊಸ ಕಟ್ಟಡಗಳಿಗೆಲ್ಲ ಅಲ್ಯೂಮಿನಿಯಂ ಕಿಟಕಿ ಬಂದವು, ಸೇಫ್ಟಿ ಡೋರುಗಳು ಕಾರ್ಖಾನೆಯಿಂದಲೇ ಪ್ಲಾಸ್ಟಿಕ್ ಸುತ್ತಿಕೊಂಡು ಬರತೊಡಗಿದವು. ದೀಪಾವಳಿಯ ತನಕ ನೋಡುತ್ತೇನೆ, ಆಮೇಲೆ ಶೆಡ್ಡು ಬಿಟ್ಟುಕೊಡುತ್ತೇನೆ ಎಂದು ಅಣ್ಣ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ಠಾಣೆಯ ಹೊಸ ಟವರೊಂದರಲ್ಲಿ ವಾಚ್‌ಮನ್ ಕೆಲಸಕ್ಕೆ ಮಾತಾಗಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಅವನು ಯೂನಿಫಾರ್ಮಿಗೆ ಅಳತೆ ಕೊಟ್ಟು ಬಂದ. ಅದು ಹೊಲಿದೂ ಬಂತು. ನಮ್ಮ ವೈನಿ, ಅಂದರೆ ಅತ್ತಿಗೆ, ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಆದ್ದರಿಂದ ತಿಳಿನೀಲಿ ಅಂಗಿ, ಕಡುನೀಲಿ ಪ್ಯಾಂಟು ಎರಡೂ ಪ್ಲಾಸ್ಟಿಕ್ ಕವರಿನಲ್ಲಿ ಶೆಡ್ಡಿನ ಮೊಳೆಗೆ, ಗ್ರೈಂಡರಿನ ಪಕ್ಕ ನೇತಾಡುತ್ತಿದ್ದವು. ಅಲ್ಲಿಗೆ ಹೋದಾಗಲೆಲ್ಲ ಯಾರೋ ಮೂರನೆಯವರು ನಿಂತು ನಮ್ಮ ಮಾತು ಕೇಳುತ್ತಿದ್ದಾರೆ ಎನ್ನಿಸುತ್ತಿತ್ತು.

ಅಷ್ಟರಲ್ಲಿ ಹೋಟೆಲ್ ಅಣ್ಣ ಸಿಕ್ಕರು.

ಇವರನ್ನು ಹೀಗೆ ಕರೆಯಲು ಕಾರಣವಿದೆ. ಮುಂಬಯಿ ಕಡೆ ಹೋಟೆಲು ನಡೆಸುವ ನಮ್ಮ ಕರಾವಳಿಯವರೆಲ್ಲ ಊರಿಗೇ ಅಣ್ಣ. ಮರಾಠಿಯವರಿಗೂ ಅಣ್ಣ, ಗುಜರಾತಿಯವರಿಗೂ ಅಣ್ಣ. ಇದರಿಂದ ಮುಂದೆ ಬಹಳ ತೊಂದರೆಯಾಯಿತು. ಶೆಡ್ಡಿನಲ್ಲಿ ನಾನು 'ಅಣ್ಣಾ' ಎಂದು ಕೂಗಿದರೆ ಇಬ್ಬರೂ ತಿರುಗುತ್ತಿದ್ದರು. ಕೆಲಸ ಹೇಳಲು ಕೂಗಿದಾಗ ಎದ್ದು ಬರುವವರು ಹೋಟೆಲ್ ಅಣ್ಣ, ಹೊಗಳಲು ಕೂಗಿದಾಗ ಬರುವವನು ನಮ್ಮಣ್ಣ.

ಹೋಟೆಲ್ ಅಣ್ಣನವರದು ವರ್ತಕ ನಗರದಲ್ಲಿ ಅಪ್ಪ ಕಟ್ಟಿದ ಶುದ್ಧ ಶಾಕಾಹಾರಿ ಹೋಟೆಲು. ಅಪ್ಪ ಈಗಲೂ ದುಡ್ಡಿನ ಗಲ್ಲೆಯ ಮೇಲೆ ಕೂರುತ್ತಾರೆ. ಮಗನಿಗೆ ಇಡ್ಲಿ ಸಾಕಾಗಿತ್ತು. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು, ನಾನು ಮೆಕ್ಯಾನಿಕಲ್ ಎಂದು ತಿಳಿದೊಡನೆ ಎಡಗೈಯಲ್ಲಿ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದರು. ಅಮೆರಿಕದಲ್ಲಿ ಯಾರೋ ಒಬ್ಬ ದಪ್ಪನೆಯ ಮನುಷ್ಯ, ಗಾಲಿಯ ಮೇಲೆ ಮಲಗಿಸಿದ ಉದ್ದನೆಯ ಕಬ್ಬಿಣದ ಟ್ಯಾಂಕಿನ ಬಾಗಿಲು ತೆರೆಯುತ್ತಾನೆ, ಒಳಗಿನಿಂದ ಹೊಗೆ, ಹೊಗೆಯೊಳಗೆ ಮಾಂಸ. ಅದರ ಹೆಸರು ಸ್ಮೋಕರ್. ಮಾಂಸವನ್ನು ಬೆಂಕಿಯ ಮೇಲಿಡುವುದಿಲ್ಲ. ಟ್ಯಾಂಕಿನ ಒಂದು ತುದಿಗೆ ಅಂಟಿಸಿದ ಪೆಟ್ಟಿಗೆಯಲ್ಲಿ ಕಟ್ಟಿಗೆ ಉರಿಯುತ್ತದೆ, ಅದರ ಬಿಸಿಯೂ ಹೊಗೆಯೂ ಟ್ಯಾಂಕನ್ನು ಹಾಯ್ದು ಇನ್ನೊಂದು ತುದಿಯ ಚಿಮಣಿಯಿಂದ ಹೊರಗೆ ಹೋಗುತ್ತವೆ. ನಡುವೆ ಮಾಂಸ ನಾಲ್ಕೈದು ಗಂಟೆ ನಿಧಾನಕ್ಕೆ ಬೇಯುತ್ತದೆ. ಇಂಥದೊಂದನ್ನು ಮಾಡಿಸಿ ಕಾರಿಗೆ ಕಟ್ಟಿ, ಮದುವೆ ಪಾರ್ಟಿಗಳಿಗೆ ಎಳೆದುಕೊಂಡು ಹೋಗುವುದು ಅವರ ಆಸೆ. ಹೋಟೆಲಿನ ಹೆಸರು ಅದರ ಮೇಲೆ ಬರಕೂಡದು, ಅಪ್ಪನ ಕಿವಿಗೆ ಬೀಳಕೂಡದು.

"ಇದು ನಮ್ಮಲ್ಲಿ ಆಗ್ತದಾ?" ಎಂದು ಕೇಳಿದರು.

ನಾನು ಹೋಳಿಗೆ ನುಂಗಿ, "ಯಾಕಾಗಲ್ಲ? ಡ್ರಾಯಿಂಗ್ ನಾನು ಮಾಡ್ತೀನಿ, ತಯಾರು ನಮ್ಮಣ್ಣ ಮಾಡ್ತಾನೆ," ಎಂದೆ.

ಈ ಯೋಜನೆಯಲ್ಲಿ ಒಂದು ಸಣ್ಣ ಕೊರತೆಯಿತ್ತು. ನಾವಿಬ್ಬರು ಅಣ್ಣತಮ್ಮಂದಿರೂ ಹುಟ್ಟಿದಾಗಿನಿಂದ ಮೊಟ್ಟೆಯನ್ನು ಕೂಡ ಮುಟ್ಟಿದವರಲ್ಲ. ಕೋಳಿ ಬೆಂದಿದೆಯೋ ಇಲ್ಲವೋ ಎಂದು ನೋಡಿ ಹೇಳುವ ಯೋಗ್ಯತೆ ನಮ್ಮಿಬ್ಬರಿಗೂ ಇರಲಿಲ್ಲ. ಮನೆಯಲ್ಲಿ ವಿಷಯ ತಿಳಿಸಿದಾಗ ನನ್ನ ಮಗಳು ಪುಸ್ತಕದಿಂದ ತಲೆಯೆತ್ತಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಮರಾಠಿ. "ಪಪ್ಪಾ, ಸ್ಮೋಕರ್ ಮ್ಹಣ್ಜೆ ಸಿಗರೇಟ್ ಓಢಣಾರಾ ನಾ?" ಎಂದಳು. ಸಿಗರೇಟು ಸೇದುವವನಲ್ಲವೇ ಎಂಬ ಅವಳ ಸಂಶಯ ಎರಡೇ ದಿನದಲ್ಲಿ ಕಟ್ಟಡವನ್ನೆಲ್ಲ ಸುತ್ತಿತು. ಕೆಳಮನೆಯವರು ಲಿಫ್ಟಿನಲ್ಲಿ ನನ್ನನ್ನು ಕರುಣೆಯಿಂದ ನೋಡಿ, ಬಿಡಿಸುವ ಒಳ್ಳೆಯ ಡಾಕ್ಟರು ಕಲ್ಯಾಣದಲ್ಲಿದ್ದಾರೆ ಎಂದರು.

ಡ್ರಾಯಿಂಗಿಗೆ ನಾನು ಮೂರು ಭಾನುವಾರ ಕೊಟ್ಟೆ. ಹದಿನೇಳು ವರ್ಷಗಳಿಂದ ಬೇರೆಯವರ ಡ್ರಾಯಿಂಗಿಗೆ ಸಹಿ ಹಾಕಿದವನು ಮೊದಲ ಬಾರಿ ನನ್ನದೇ ಒಂದನ್ನು ಎಳೆಯುತ್ತಿದ್ದೆ. ಮೂರು ಬಣ್ಣದ ಪೆನ್ನು ಬಳಸಿದೆ. ಟ್ಯಾಂಕಿನ ತಳದಲ್ಲಿ ಉದ್ದಕ್ಕೂ ಒಂದು ತಗಡು ಬರಬೇಕು, ತಗಡಿನ ತುಂಬ ತೂತುಗಳಿರಬೇಕು. ಬೆಂಕಿಯ ಹತ್ತಿರ ಸಣ್ಣ ತೂತು, ದೂರ ಹೋದಂತೆ ದೊಡ್ಡ ತೂತು. ಹಾಗಿದ್ದರೆ ಬಿಸಿ ಎಲ್ಲ ಕಡೆ ಒಂದೇ ಸಮ ಹರಡುತ್ತದೆ. ಇಡೀ ಯಂತ್ರದ ಜೀವ ಆ ತಗಡಿನಲ್ಲಿದೆ. ಕಾಲೇಜಿನ ಹಳೆಯ ಪುಸ್ತಕ ತೆಗೆದು, ಹೊಗೆಯ ವೇಗಕ್ಕೆ ಎರಡು ಪುಟ ಲೆಕ್ಕ ಹಾಕಿ, ತೂತುಗಳ ಅಳತೆ ಬರೆದೆ. ಮೊದಲ ಸಾಲಿಗೆ ಆರು, ನಡುವಿನದಕ್ಕೆ ಎಂಟು, ಕೊನೆಯದಕ್ಕೆ ಹತ್ತು. ಕಂಪನಿಯ ಪದ್ಧತಿಯಂತೆ ಕೆಳಮೂಲೆಯ ಚೌಕದಲ್ಲಿ, ಎಲ್ಲ ಅಳತೆಗಳೂ ಮಿಲಿಮೀಟರಿನಲ್ಲಿ ಎಂದು ಇಂಗ್ಲಿಷಿನಲ್ಲಿ ಒಮ್ಮೆ ಬರೆದರೆ ಸಾಕು. ಪ್ರತಿ ಅಂಕಿಯ ಮುಂದೆ ಬರೆಯುವುದು ಕಲಿಯದವರ ಲಕ್ಷಣ.

ಉಲ್ಹಾಸನಗರದ ವರ್ಕ್‌ಶಾಪುಗಳಲ್ಲಿ ಮಿಲಿಮೀಟರು ನಡೆಯುವುದಿಲ್ಲ. ಅಲ್ಲಿ ನಡೆಯುವುದು ಸೂತ್. ನಮ್ಮ ಊರ ಬಡಿಗ್ಯಾರು ನೂಲು ಎನ್ನುತ್ತಾರಲ್ಲ, ಅದೇ. ಇಂಚಿನ ಎಂಟನೆಯ ಒಂದು ಪಾಲು. ಎಂಟು ಸೂತಿಗೆ ಒಂದಿಂಚು. ತಗಡು ಎರಡು ಸೂತ್, ಪಟ್ಟಿ ಮೂರು ಸೂತ್, ಸಂದು ಒಂದು ಸೂತ್. ಅದಕ್ಕೂ ಕಡಿಮೆ ಇದ್ದರೆ 'ಏಕ್ ಬಾಲ್', ಅಂದರೆ ಒಂದು ಕೂದಲು. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಆದರೆ ಗೊತ್ತಿದ್ದದ್ದು ನೆನಪಿಗೆ ಬರಬೇಕಾದರೆ ಮನುಷ್ಯ ತನ್ನ ಡ್ರಾಯಿಂಗಿನಿಂದ ಕಣ್ಣು ತೆಗೆಯಬೇಕು.

ಡ್ರಾಯಿಂಗನ್ನು ಅಣ್ಣ ಗೋಡೆಗೆ ಅಂಟಿಸಿದ. ಸ್ವಲ್ಪ ಹೊತ್ತು ನೋಡಿದ. ತೂತುಗಳ ಮೇಲೆ ಬೆರಳಿಟ್ಟು, ಇವು ಆರೇನು ಎಂದು ಕೇಳಿದ. ಆರು ಎಂದೆ. ಖರೇನ ಆರೇನು ಎಂದು ಇನ್ನೊಮ್ಮೆ ಕೇಳಿದ. ಲೆಕ್ಕ ಹಾಕಿಯೇ ಬರೆದದ್ದು ಎಂದು ನಾನು ಹೊಗೆಯ ವೇಗದ ಬಗ್ಗೆ ಕಾಲು ಗಂಟೆ ವಿವರಿಸಿದೆ. ಅವನು ನಡುವೆ ಎರಡು ಸಲ ಆಕಳಿಸಿ, "ಆತು ಬಿಡ್ರಿ ಸಾಹೇಬ್ರ," ಎಂದ. ಹುಬ್ಬು ನೋಡುವುದನ್ನು ಮರೆತೆ.

ಕೆಲಸಕ್ಕೆ ಸುಮಾರು ಒಂದೂವರೆ ತಿಂಗಳು ಹಿಡಿಯಿತು. ಹಳೆಯ ಕಂಪ್ರೆಸರಿನ ಗಾಳಿ ಟ್ಯಾಂಕು ಗುಜರಿಯಲ್ಲಿ ಸಿಕ್ಕಿತು. ರಾಸಾಯನಿಕ ತುಂಬಿದ್ದ ಟ್ಯಾಂಕು ಅಗ್ಗಕ್ಕಿತ್ತು. ಅಣ್ಣ ಅದರ ಬಾಯಿ ಮೂಸಿ ನೋಡಿ, ಇದರಲ್ಲಿ ಬೇಯಿಸಿದ್ದನ್ನು ತಿಂದವರು ಮದುವೆಯಿಂದ ನೇರ ಆಸ್ಪತ್ರೆಗೆ ಹೋಗುತ್ತಾರೆ ಎಂದು ಬಿಟ್ಟ. ಹಳೆಯ ಕಾರೊಂದರ ಹಿಂದಿನ ಆಕ್ಸಲ್, ಎರಡು ಗಾಲಿ, ಟೆಂಪೋದ ಸ್ಪ್ರಿಂಗ್ ಪಟ್ಟಿ ಬಂದವು. ಚಾನೆಲ್ ಕಬ್ಬಿಣದ ಚೌಕಟ್ಟು ಎದ್ದಿತು. ಟ್ಯಾಂಕಿನ ಹೊಟ್ಟೆ ಕೊಯ್ದು ಬಾಗಿಲು ಮಾಡಿ, ಅದೇ ತುಂಡಿಗೆ ಕಬ್ಜೆ ಕೀಲು ಹಚ್ಚಿದ. ನಾನು ಶನಿವಾರ ಮಧ್ಯಾಹ್ನ ಬಂದು ಟೇಪು ಹಿಡಿದು ಸುತ್ತುತ್ತಿದ್ದೆ. ತಗಡನ್ನು ಮಾತ್ರ ಅವನು ಒಂದು ವಾರದ ದಿನ, ನಾನು ಆಫೀಸಿನಲ್ಲಿದ್ದಾಗ ಒಳಗೆ ಕೂರಿಸಿಬಿಟ್ಟಿದ್ದ. ಮೇಲೆ ಜಾಲರಿಯೂ ಬಂದಿತ್ತು. ಬಗ್ಗಿ ನೋಡಿದೆ, ಕತ್ತಲೆಯಲ್ಲಿ ತೂತುಗಳು ಸಾಲಾಗಿ ಕಂಡವು. ಸಾಲು ನೆಟ್ಟಗಿದೆ ಎಂದು ಒಪ್ಪಿಗೆ ಕೊಟ್ಟೆ.

ಕೊನೆಗೆ ಚಿಮಣಿಯ ಕೆಳಗೆ ನಾನೇ ಮಾಡಿಸಿ ತಂದ ಸ್ಟೀಲಿನ ಪಟ್ಟಿ ಹೊಡೆಸಿದೆ. ಡಿಸೈನ್, ನನ್ನ ಹೆಸರು, ಬಿ.ಇ. ಅಣ್ಣ ಎರಡು ರಿವೆಟ್ ಹೊಡೆದು, ಸೊಟ್ಟ ಇಲ್ಲವಲ್ಲ ಎಂದು ದೂರ ನಿಂತು ನೋಡಿದ. ಅವನ ಹೆಸರು ಎಲ್ಲಿ ಎಂದು ಅವನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಪರೀಕ್ಷೆಗೆ ಮಾಂಸವನ್ನು ಶೆಡ್ಡಿಗೆ ತರಲು ವೈನಿ ಒಪ್ಪಲಿಲ್ಲ. ಬದಲಿಗೆ ಮನೆಯಿಂದ ಒಂದು ಬುಟ್ಟಿ ಬದನೆಕಾಯಿ ತಂದರು. ಅಮೆರಿಕದ ಕಟ್ಟಿಗೆಯ ಬದಲು ಮಾವಿನ ಕಟ್ಟಿಗೆ, ತೆಂಗಿನ ಕರಟ. ಹೊಗೆ ಪೆಟ್ಟಿಗೆಯಿಂದ ಹಿಂದೆ ನುಗ್ಗದೆ, ಯಾರೋ ಕೈಹಿಡಿದು ಕರೆದುಕೊಂಡು ಹೋದಂತೆ ಟ್ಯಾಂಕಿನೊಳಗೆ ಹೋಗಿ ಚಿಮಣಿಯಿಂದ ನೆಟ್ಟಗೆ ಎದ್ದಿತು. ನಾನು ಲೆಕ್ಕದ ಎರಡು ಪುಟವನ್ನು ಜೇಬಿನಿಂದ ತೆಗೆದು ಅಣ್ಣನಿಗೂ, ನೋಡಲು ಬಂದಿದ್ದ ಹೋಟೆಲ್ ಅಣ್ಣನವರಿಗೂ ತೋರಿಸಿದೆ. ಬದನೆಕಾಯಿ ಬೆಂದು ಸೊರಗಿದವು. ವೈನಿ ಅಲ್ಲೇ ಸಿಪ್ಪೆ ಸುಲಿದು, ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಜಜ್ಜಿ ಭರ್ತ ಮಾಡಿದರು. ತಂದಿದ್ದ ರೊಟ್ಟಿಯನ್ನೂ ಟ್ಯಾಂಕಿನೊಳಗೆ ಬೆಚ್ಚಗಿಟ್ಟರು. ಇಷ್ಟು ದೊಡ್ಡ ಯಂತ್ರ ಬದನೆಕಾಯಿ ಸುಡುವುದಕ್ಕೇನು ಎಂದು ಅವರು ಕೇಳಿದ್ದಕ್ಕೆ ಹೋಟೆಲ್ ಅಣ್ಣ ಮೂರನೆಯ ರೊಟ್ಟಿ ಮುರಿಯುತ್ತ ಬಹಳ ನಕ್ಕರು. ಅಂದಿನಿಂದ ಅವರ ಬಾಯಲ್ಲಿ ಕೋಳಿಯ ಹೆಸರು ಬದನೆಕಾಯಿ ಎಂದಾಯಿತು. ಅಪ್ಪ ಪಕ್ಕದಲ್ಲಿದ್ದಾಗಲೂ ಫೋನಿನಲ್ಲಿ ಧೈರ್ಯವಾಗಿ, ನಾಡಿದ್ದು ಹತ್ತು ಬದನೆಕಾಯಿ ತರ್ತೇನೆ, ಚರ್ಮ ತೆಗೆಸಿಯೇ ತರ್ತೇನೆ ಎನ್ನುತ್ತಿದ್ದರು.

ನಿಜವಾದ ಪರೀಕ್ಷೆ ಶೀಳ್ ಫಾಟಾದ ಹತ್ತಿರ, ಹೋಟೆಲ್ ಅಣ್ಣನವರ ಭಾವನ ಗೋಡೌನಿನ ಅಂಗಳದಲ್ಲಿ. ಭಾನುವಾರ ಬೆಳಿಗ್ಗೆ ಜೀಪಿಗೆ ಕಟ್ಟಿ ಎಳೆದುಕೊಂಡು ಹೊರಟೆವು. ಕಪ್ಪು ಟ್ಯಾಂಕು, ಚಿಮಣಿ, ತುದಿಗೆ ಕಟ್ಟಿಗೆ ಉರಿಸುವ ಪೆಟ್ಟಿಗೆ, ಎರಡು ಗಾಲಿ. ಇಂಥ ವಸ್ತುವನ್ನು ನಮ್ಮ ಕಡೆಯ ಜನ ಮೊದಲೇ ನೋಡಿದ್ದಾರೆ ಎಂಬುದು ನಮಗೆ ಹೊಳೆದದ್ದು ಕಲ್ಯಾಣ ತಲುಪಿದ ಮೇಲೆ. ರಸ್ತೆಗೆ ಡಾಂಬರು ಕಾಯಿಸುವ ಗಾಡಿ ಥೇಟ್ ಹೀಗೇ ಇರುತ್ತದೆ. ಒಂದು ಗುಂಡಿಯ ಮುಂದೆ ಜೀಪು ನಿಧಾನವಾಯಿತು. ಚಹಾ ಅಂಗಡಿಯಿಂದ ನಾಲ್ಕು ಜನ ಎದ್ದು ಬಂದರು. ರಿಕ್ಷಾದವರು ರಿಕ್ಷಾ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ಒಬ್ಬ ಅಜ್ಜ ನಮ್ಮಣ್ಣನ ಕೈ ಹಿಡಿದು, ಮೊದಲು ನಮ್ಮ ಗಲ್ಲಿಯದನ್ನು ಮುಚ್ಚಿ ಎಂದು ಮರಾಠಿಯಲ್ಲಿ ಕೇಳಿಕೊಂಡ. ಇದು ಕೋಳಿ ಬೇಯಿಸುವ ಗಾಡಿ ಎಂದು ಹೋಟೆಲ್ ಅಣ್ಣ ಹೇಳಿದಾಗ ಆ ಮುಖಗಳು ಬಾಡಿದ್ದನ್ನು ನೋಡಬೇಕಿತ್ತು. ಮಳೆಗಾಲ ಮುಗಿದು ಎಷ್ಟು ದಿನವಾದರೂ ಯಾರೂ ಬಂದಿರಲಿಲ್ಲವಂತೆ. ಮುಂದಿನ ಎರಡು ಕಡೆ ನಾವೇ ಬುದ್ಧಿವಂತರಾಗಿ, ನಾಳೆ ಬರ್ತೇವೆ ಎಂದು ಹೇಳಿ ದಾಟಿದೆವು. ಒಂದು ಕಡೆ ಚಹಾನೂ ಕೊಟ್ಟರು.

ಗೋಡೌನಿನಲ್ಲಿ ಹತ್ತು ಕೋಳಿಗೆ ಸುಕ್ಕ ಮಸಾಲೆ ಹಚ್ಚಿ ಒಳಗಿಟ್ಟರು. ನಾನೂ ಅಣ್ಣನೂ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ದೂರದಲ್ಲಿ ಕೂತೆವು. ಬೇಯಲು ಐದು ಗಂಟೆ ಹಿಡಿಯಿತು. ಅರ್ಧ ಗಂಟೆಗೊಮ್ಮೆ ಅಣ್ಣ ಎದ್ದು ಹೋಗಿ ಚಿಮಣಿಗೆ ಅಂಗೈ ಹಿಡಿದು, ಪೆಟ್ಟಿಗೆಯ ಬಾಗಿಲನ್ನು ಒಂದು ಬೆರಳಷ್ಟು ಸರಿಸಿ ಬರುತ್ತಿದ್ದ. ಇದು ಕೆಟ್ಟರೆ ಮೊಳೆಯ ಮೇಲಿನ ಅಂಗಿ ಅವನ ಮೈಗೇರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಬಾಗಿಲು ತೆರೆದರು. ಭಾವ, ಭಾವನ ಗೆಳೆಯರು, ಅವರ ಮನೆಯವರು ಎಲ್ಲ ಮುತ್ತಿಕೊಂಡರು. ಆಮೇಲೆ ಮೊದಲ ತುಂಡು ಮುಗಿಯುವ ಮುಂಚೆಯೇ ಎಲ್ಲರೂ ಎರಡನೆಯದಕ್ಕೆ ಕೈಚಾಚಿದರು. ನಮಗೆ ತಿಳಿಯುವ ಒಂದೇ ಅಳತೆ ಅದು.

ಹೋಟೆಲ್ ಅಣ್ಣ ಬೆರಳು ಚೀಪುತ್ತ ನೇರ ನನ್ನ ಬಳಿ ಬಂದು, "ಇಂಜಿನಿಯರ್ ಅಂದ್ರೆ ಹೀಗಿರ್ಬೇಕು ಮಾರಾಯ್ರೆ. ಎಂತ ಲೆಕ್ಕ ನಿಮ್ಮದು," ಎಂದರು.

ನಾನು ಪಕ್ಕದಲ್ಲಿದ್ದ ಅಣ್ಣನನ್ನು ನೋಡಲಿಲ್ಲ. ಹೊಗೆಯ ವೇಗದ ಬಗ್ಗೆ ಎಲ್ಲರಿಗೂ ವಿವರಿಸಿದೆ. ಕೋಳಿ ತಿನ್ನುವವರು ಯಾವ ವಿವರಣೆಯನ್ನಾದರೂ ತಲೆಯಾಡಿಸಿ ಕೇಳುತ್ತಾರೆ.

ಮುಂದಿನ ವಾರ ಹೋಟೆಲ್ ಅಣ್ಣನವರ ಫೋನು ಬಂತು. ಭಾವನಿಗೆ ಬೇಕಂತೆ, ವಾಶಿಯ ನೆಂಟರಿಗೆ ಬೇಕಂತೆ, ಒಟ್ಟು ಆರು ಗಾಡಿ. ನನಗೆ ಕೂತಲ್ಲೇ ಶೆಡ್ಡಿನ ಮೊಳೆ ಖಾಲಿಯಾದದ್ದು ಕಂಡಿತು. ಆದರೆ ಅವರ ಮಾತು ಮುಗಿದಿರಲಿಲ್ಲ. ನನ್ನ ಡ್ರಾಯಿಂಗನ್ನು ಅಂತಿಮ ಮಾಡಿ ಕಳಿಸಬೇಕು. ನವಿ ಮುಂಬಯಿಯಲ್ಲಿ ಲೇಸರ್ ಕಟಿಂಗಿನ ದೊಡ್ಡ ಕಾರ್ಖಾನೆಯವರು ಗೊತ್ತು, ಡ್ರಾಯಿಂಗ್ ಕೊಟ್ಟರೆ ಕೂದಲೂ ಆಚೀಚೆ ಆಗದಂತೆ ತೆಗೆಯುತ್ತಾರೆ. ನನ್ನನ್ನು ಕನ್ಸಲ್ಟೆಂಟ್ ಎಂದು ಇಟ್ಟುಕೊಳ್ಳುತ್ತಾರೆ. ಆರು ಗಾಡಿಯ ಮೇಲೂ ನನ್ನ ಹೆಸರಿನ ಪಟ್ಟಿ. ನಿಮ್ಮಣ್ಣನಿಗೆ ಈ ವಯಸ್ಸಿನಲ್ಲಿ ಯಾಕೆ ಕಷ್ಟ ಎಂದೂ ಸೇರಿಸಿದರು.

ಸುಳ್ಳು ಹೇಳಿ ಪ್ರಯೋಜನವಿಲ್ಲ. ಆ ಮಾತುಗಳಲ್ಲಿ ನನ್ನ ಕಿವಿಗೆ ಮೊದಲು ಬಿದ್ದದ್ದು ಕನ್ಸಲ್ಟೆಂಟ್ ಎಂಬ ಪದ. ಅದು ಬಾಗಿಲ ಬೋರ್ಡಿನಲ್ಲಿ ಎಲ್ಲಿ ಹಿಡಿಸೀತು ಎಂದು ಯೋಚಿಸಿದೆ. ಅಣ್ಣನ ನೆನಪಾದದ್ದು ಆಮೇಲೆ, ಆಫೀಸಿರುವ ಮಹಾಪೆಯಿಂದ ಬಸ್ಸಿನಲ್ಲಿ ಬರುವಾಗ. ಡ್ರಾಯಿಂಗು ಅವರ ಕೈಗೆ ಹೋದರೆ ಶೆಡ್ಡಿಗೆ ಬೀಗ. ಆದರೂ ಕೈ ತನ್ನ ಚಾಳಿ ಬಿಡಲಿಲ್ಲ. ಅಂತಿಮ ಡ್ರಾಯಿಂಗೆಂದರೆ ತಾಳೆ ನೋಡಬೇಕು. ಶನಿವಾರ, ಕೂದಲೆಳೆಯನ್ನೂ ಅಳೆಯುವ ಕಂಪನಿಯ ವರ್ನಿಯರ್ ತೆಗೆದುಕೊಂಡು ಉಲ್ಹಾಸನಗರಕ್ಕೆ ಹೋದೆ. ಗಾಡಿ ಬಣ್ಣ ಹೊಡೆಸಿಕೊಳ್ಳಲು ಶೆಡ್ಡಿಗೆ ಬಂದು ನಿಂತಿತ್ತು. ಜಾಲರಿ ಎತ್ತಿ, ತಲೆ ಒಳಗೆ ಹಾಕಿ ಮೊದಲ ತೂತಿಗೆ ವರ್ನಿಯರ್ ಇಟ್ಟೆ. ಹತ್ತೊಂಬತ್ತು ಮಿಲಿಮೀಟರ್. ನಡುವಿನ ಸಾಲು ಇಪ್ಪತ್ತೈದು. ಕೊನೆಯದು ಮೂವತ್ತೆರಡರ ಹತ್ತಿರ. ಟ್ಯಾಂಕಿನೊಳಗೇ ಲೆಕ್ಕ ಮಾಡಿದೆ. ಆರು ಸೂತ್, ಎಂಟು ಸೂತ್, ಹತ್ತು ಸೂತ್.

ಮುಖಕ್ಕೆಲ್ಲ ಮಸಿ ಬಳಿದುಕೊಂಡು ಹೊರಗೆ ಬಂದೆ. ಅಣ್ಣ ಬ್ರಷ್ಷು ತೊಳೆಯುತ್ತಿದ್ದ.

"ಅಣ್ಣಾ, ನಾ ಬರದದ್ದು ಮಿಲಿಮೀಟರ್. ನೀ ಸೂತ್ ಅಂತ ತಿಳ್ಕೊಂಡಿದಿ."

"ಗೊತ್ತೈತಿ."

"ಏನು ಗೊತ್ತೈತಿ?"

"ಮಿಲಿಮೀಟರ್ ಅಂತ. ಟೇಪಿನ್ಯಾಗ ಎರಡೂ ಇರ್ತಾವಲ್ಲ. ಮೂವತ್ತೈದು ವರ್ಷ ಟೇಪಿನ ಆ ಕಡಿ ಹೊಳ್ಳಿಸಿ ನೋಡಿಲ್ಲಂತ ಮಾಡಿದೇನು?"

ಮತ್ತೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವನು ಬ್ರಷ್ಷನ್ನು ಕಲ್ಲಿಗೆ ಬಡಿದು ಒಣಗಿಸಿದ. ಹೋಟೆಲುಗಳಿಗೆ ಎಷ್ಟೋ ಭಟ್ಟಿ ಮಾಡಿಕೊಟ್ಟಿದ್ದೇನೆ ಎಂದ. ಒಲೆಯೆಂದರೆ ಉಸಿರಾಡಬೇಕು, ಆರು ಮಿಲಿಮೀಟರಿನಲ್ಲಿ ಇರುವೆ ಹೋದೀತು, ಹೊಗೆ ಹೋಗುವುದಿಲ್ಲ, ಕೊಬ್ಬು ತೊಟ್ಟಿಕ್ಕಿದರೆ ಒಂದೇ ದಿನಕ್ಕೆ ತೂತು ಕಟ್ಟಿಕೊಳ್ಳುತ್ತದೆ ಎಂದ. ಸಾಲು ಸಾಲಾಗಿ ದೊಡ್ಡದಾಗುತ್ತ ಹೋಗುವ ನಿನ್ನ ವಿಚಾರ ಮಾತ್ರ ಚಲೋ ಇತ್ತು, ಅದನ್ನು ಹಾಗೇ ಇಟ್ಟೆ ಎಂದೂ ಹೇಳಿದ. ಆ ಹೊಗಳಿಕೆ ವರ್ನಿಯರಿಗಿಂತ ಆಳಕ್ಕೆ ಹೋಯಿತು.

"ಅವತ್ತ ಹೇಳಬಾರದಿತ್ತೇನು?"

"ಎರಡು ಸಲ ಕೇಳಿದೆ. ನೀ ಕಾಲು ತಾಸು ಭಾಷಣ ಹೊಡದಿ. ನಾಳೆ ಯಾರರ ಕೇಳಿದ್ರ, ವೆಲ್ಡರ್ ದಡ್ಡ, ಮಿಲಿಮೀಟರಿಗೆ ಸೂತ್ ಅಂತ ತಿಳ್ಕೊಂಡ ಅಂತ ಹೇಳೂದು. ಯಾರಿಗೂ ಅನುಮಾನ ಬರಂಗಿಲ್ಲ. ಇಂಜಿನಿಯರ್ ದಡ್ಡ ಅಂದ್ರ ಬಾಗಲದ ಬೋರ್ಡು ಕಳಚಬೇಕಾಗತೈತಿ."

ಲೇಸರ್ ಕಾರ್ಖಾನೆಯ ವಿಷಯ ಹೇಳಿದೆ. ಅವನು ಬಣ್ಣದ ಡಬ್ಬಿಯ ಮುಚ್ಚಳವನ್ನು ಸುತ್ತಿಗೆಯಿಂದ ನಾಲ್ಕು ಕಡೆ ತಟ್ಟಿ ಮುಚ್ಚಿದ. ಕೊಡು, ನಿನ್ನ ಹೆಸರು ಮುಂದೆ ಬರುತ್ತದೆ ಎಂದ. ಈ ಸೂತುಗಳನ್ನು ಮಿಲಿಮೀಟರಿಗೆ ತಿರುಗಿಸಿ ಬರೆದು ಕೊಡು, ಅವರಿಗೆ ತಿಳಿಯುತ್ತದೆ ಎಂದ. ಆಮೇಲೆ ಮೊಳೆಯ ಕಡೆ ನೋಡಿ, "ಪ್ಯಾಂಟು ಚೂರು ಉದ್ದ ಆಗೈತಿ. ಮಡಚಿ ಹೊಲಸಬೇಕು," ಎಂದ.

ಉಲ್ಹಾಸನಗರದಿಂದ ಡೊಂಬಿವಲಿಯ ತನಕ ಲೋಕಲ್ಲಿನಲ್ಲಿ ನಿಂತುಕೊಂಡು ನನ್ನ ಮುಂದಿದ್ದ ದಾರಿಗಳನ್ನು ಎಣಿಸಿದೆ. ಡ್ರಾಯಿಂಗನ್ನು ಇದ್ದ ಹಾಗೇ ಕೊಡಬಹುದು. ಲೇಸರು ಆರು ಎಂದರೆ ಆರೇ ಕೊರೆಯುತ್ತದೆ, ಅದಕ್ಕೆ ಭಟ್ಟಿಯ ಅನುಭವವಿಲ್ಲ. ಆರು ಗಾಡಿಯೂ ಉಸಿರುಗಟ್ಟಿ ಕೆಮ್ಮುತ್ತ ನಿಂತಾಗ ಅವರು ಅಣ್ಣನ ಬಳಿಯೇ ಓಡಿ ಬರುತ್ತಾರೆ. ಈ ಯೋಚನೆ ಠಾಕುರ್ಲಿಯ ತನಕ ನನಗೆ ಬಹಳ ಚೆನ್ನಾಗಿ ಕಂಡಿತು. ಇಲ್ಲವೇ ಅಂಕಿ ಬದಲಿಸಿ, ರಿವಿಜನ್ ಒಂದು ಎಂದು ಬರೆದು ಕಳಿಸಬಹುದು. ಆಫೀಸಿನಲ್ಲಿ ದಿನಾ ಮಾಡುವ ಕೆಲಸ, ಯಾರೂ ಕೇಳುವುದಿಲ್ಲ, ನನ್ನ ಹೆಸರು ಆರು ಕಡೆ ಹೊಳೆಯುತ್ತದೆ. ಮೂರನೆಯ ದಾರಿಯೊಂದಿತ್ತು. ಅದನ್ನು ಎಣಿಸದೆ ಡೊಂಬಿವಲಿಯಲ್ಲಿ ಇಳಿದುಬಿಟ್ಟೆ.

ಸೋಮವಾರ ಸಂಜೆ ವರ್ತಕ ನಗರಕ್ಕೆ ಹೋದೆ. ಹೋಟೆಲ್ ಅಣ್ಣ ಕಾಫಿ ತರಿಸಿದರು. ಎರಡು ಮೇಜಿನಾಚೆ ಗಲ್ಲೆಯ ಮೇಲೆ ಅವರ ಅಪ್ಪ ಇದ್ದುದರಿಂದ ನಮ್ಮ ಮಾತು ಮೆಲ್ಲಗೆ ಸಾಗಿತು.

"ಡ್ರಾಯಿಂಗ್ ತಂದ್ರಾ?"

"ತಂದಿದ್ದೀನಿ. ಅದು ತಪ್ಪು."

ಅವರು ಕಾಫಿ ಆರಿಸುವುದನ್ನು ನಿಲ್ಲಿಸಿದರು. ಗಾಡಿ ಚೆನ್ನಾಗಿದೆಯಲ್ಲ ಎಂದರು.

"ಗಾಡಿ ಚೆನ್ನಾಗಿದೆ. ಅದು ನನ್ನ ಡ್ರಾಯಿಂಗಿನ ಹಾಗಿಲ್ಲ. ನಾನು ಬರೆದ ಹಾಗೆ ಮಾಡಿದ್ದರೆ ನಿಮ್ಮ ಬದನೆಕಾಯಿ ಐದು ಗಂಟೆ ಅಲ್ಲ, ಐದು ದಿನ ಆದರೂ ಬೇಯ್ತಿರಲಿಲ್ಲ. ಅದನ್ನ ಸರಿ ಮಾಡಿದ್ದು ಅಣ್ಣ."

"ನಾನಾ?"

"ನೀವಲ್ಲ. ನಮ್ಮಣ್ಣ."

ಹಾಗಾದರೆ ಸರಿಯಾದ ಅಳತೆ ಹಾಕಿ ಕೊಡಿ ಎಂದರು. ವ್ಯಾಪಾರಸ್ಥರು, ಅವರು ಹಾಗೆ ಕೇಳುವುದು ನ್ಯಾಯವೇ. ತೂತಿನ ಅಳತೆ ಕೊಡಬಲ್ಲೆ ಎಂದೆ. ಆದರೆ ಗುಜರಿಯಲ್ಲಿ ಸಿಗುವ ಪ್ರತಿ ಟ್ಯಾಂಕೂ ಬೇರೆ, ಒಂದು ಉದ್ದ, ಒಂದು ದಪ್ಪ. ಒಂದೊಂದಕ್ಕೂ ತೂತು ಬೇರೆ, ಚಿಮಣಿ ಬೇರೆ. ಅದನ್ನು ತಿಳಿಯಲು ಅವನು ಅಂಗೈ ಹಿಡಿದು ನೋಡುತ್ತಾನೆ. ಆ ಅಂಗೈಯನ್ನು ನಾನು ಡ್ರಾಯಿಂಗಿನಲ್ಲಿ ಬರೆಯಲಾರೆ. ನಾನು ಹೇಳುವುದು ಇಷ್ಟೇ, ನಾನು ಓದಿದವನು, ಅವನು ಬಲ್ಲವನು. ಇಷ್ಟು ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ನಾಲ್ಕು ವರ್ಷ ಓದಿ, ಅಪ್ಪ ಅವ್ವ ಇಬ್ಬರೂ ಹೆಬ್ಬೆಟ್ಟು ಒತ್ತುತ್ತಿದ್ದ ಮನೆಗೆ ಮೊದಲ ಡಿಗ್ರಿ ತಂದವನು, ಇಡ್ಲಿ ತಿನ್ನುವ ಜನರ ನಡುವೆ ಕೂತು ನನ್ನ ಲೆಕ್ಕ ತಪ್ಪು ಎನ್ನಬೇಕಾಗಿ ಬಂದದ್ದು ಸಣ್ಣ ಮಾತಲ್ಲ. ಓದನ್ನು ಹಗುರ ಮಾಡುವವರ ಜೊತೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಅವತ್ತು ತಪ್ಪಿದ್ದು ಓದಲ್ಲ, ಎರಡು ಸಲ ಕೇಳಿದವನಿಗೆ ಕಿವಿ ಕೊಡದ ನಾನು.

ಹೋಟೆಲ್ ಅಣ್ಣ ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ದೋಸೆಯವರು ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎಂದದ್ದನ್ನು ಕೇಳಿ ಹಿಟ್ಟು ಹುಯ್ದರು.

"ಹೌದು ಮಾರಾಯ್ರೆ. ಕಳೆದ ವರ್ಷ ಈ ದೋಸೆಯವರು ಊರಿಗೆ ಹೋದಾಗ ಹೊಸ ಮಿಷನ್ ತಂದಿಟ್ಟೆ. ದೋಸೆ ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ತಿಂದವರು ಯಾರೂ ಎರಡನೇದು ಕೇಳ್ಲಿಲ್ಲ," ಎಂದು ಆರಿದ ಕಾಫಿ ಮುಗಿಸಿದರು. ಆಮೇಲೆ, "ಆರು ಬೇಡ. ಮೊದಲು ಎರಡು ಮಾಡ್ಲಿ. ದೀಪಾವಳಿ ಮೊದಲು ಆಗ್ತದಾ ಕೇಳಿ," ಎಂದರು.

ನಾನು ಏಳುವಾಗ ಗಲ್ಲೆಯ ಮೇಲಿನ ಹಿರಿಯರು ಕನ್ನಡಕ ಸರಿಸಿ ನನ್ನನ್ನು ನೋಡಿದರು.

"ಅದೆಂತ ಬದನೆಕಾಯಿ ಮಾರಾಯ್ರೆ, ಐದು ಗಂಟೆ ಬೇಯುವುದು?"

ಬಿಜಾಪುರದ ಕಡೆಯದು, ಸ್ವಲ್ಪ ಗಟ್ಟಿ ಎಂದೆ.

ಎರಡು ಗಾಡಿ ದೀಪಾವಳಿಗೆ ಮೂರು ದಿನ ಇರುವಾಗ ಹೊರಟವು. ಈ ಸಲ ನಾನು ಎಳೆದ ಡ್ರಾಯಿಂಗಿನಲ್ಲಿ ಒಂದೂ ಅಂಕಿ ಇರಲಿಲ್ಲ. ಅವನು ಮಾಡಿದ ಮೇಲೆ ಅಳೆದು ಬರೆದೆ. ಕೆಳಮೂಲೆಯ ಚೌಕದಲ್ಲಿ, ಎಲ್ಲ ಅಳತೆಗಳೂ ಸೂತಿನಲ್ಲಿ ಎಂದು ಕನ್ನಡದಲ್ಲಿ ಬರೆದೆ. ಹೆಸರಿನ ಪಟ್ಟಿ ಅಣ್ಣನದೇ ಇರಲಿ ಎಂದು ಬೇರೆ ಮಾಡಿಸಿಕೊಂಡು ಹೋದೆ. ಅವನು ಅದನ್ನು ಹೊಡೆದ. ಆದರೆ ಹೆಸರಿನ ಮುಂದೆ, ವೆಲ್ಡಿಂಗ್ ಕಡ್ಡಿಯಿಂದಲೇ ದಪ್ಪಗೆ ಬಿ.ಇ. ಎಂದು ಬರೆದಿದ್ದ. ಇದೇನು ಎಂದೆ.

"ಅದರಾಗ ನಂದೂ ನಾಕು ವರ್ಷ ಅದಾವ, ತಮ್ಮಾ," ಎಂದು ಮುಖಕ್ಕೆ ವೆಲ್ಡಿಂಗಿನ ಕಪ್ಪು ಗ್ಲಾಸು ಹಿಡಿದು ಮತ್ತೆ ಕೂತ.

ಶೆಡ್ಡಿನ ಮೊಳೆ ಖಾಲಿಯಾಗಿತ್ತು. ತಿಳಿನೀಲಿ ಅಂಗಿಯನ್ನು ಅವನು ಕೆಲಸಕ್ಕೆ ಹಾಕಿಕೊಂಡಿದ್ದ. ಹೊಸ ಬಟ್ಟೆ, ಗಟ್ಟಿಯಿದೆ, ಸುಮ್ಮನೆ ಯಾಕೆ ಕೆಡಿಸುವುದು ಎಂಬುದು ಅವನ ವಾದ. ಕಿಡಿ ಸಿಡಿದು ತೋಳಿನ ತುಂಬ ಆಗಲೇ ತೂತುಗಳು ಬಿದ್ದಿದ್ದವು. ವರ್ನಿಯರ್ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.